ವೃತ್ತಿನಿರತ ಉಪಾಧ್ಯಾಯನ ಸಂಶೋಧನೆ: ಬಳ್ಳಾರಿ ಸೀಮೆಯ ಒಂದು ನಿದರ್ಶನ

ಉದ್ಯೋಗದಲ್ಲಿದ್ದುಕೊಂಡೇ ಶಿಕ್ಷಣಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಗಾಗಿ ವ್ಯಾಸಂಗ ಮಾಡುವ ಉಪಾಧ್ಯಾಯರು ಇಂದು ಬಳ್ಳಾರಿ ಜಿಲ್ಲೆಯಲ್ಲಿ ವಿರಳರಲ್ಲ. ಸಿರುಗುಪ್ಪದಲ್ಲಿಯೋ ಕುರುಗೋಡಿನಲ್ಲಿಯೋ ವಾರವೆಲ್ಲ ಪಾಠ ಹೇಳಿ, ಬಿಡುವಿನ ದಿನ ಬಸ್ಸು ಹತ್ತಿ ಬಳ್ಳಾರಿಗೆ ಬಂದು ಮಾರ್ಗದರ್ಶಕರನ್ನು ಕಂಡು, ರಾತ್ರಿ ಮನೆಮಂದಿ ಮಲಗಿದ ಮೇಲೆ ಬರೆಯಲು ಕುಳಿತುಕೊಳ್ಳುವವರು ಇವರು. ಇವರ ಸಂಶೋಧನೆಯನ್ನು ಪೂರ್ಣಾವಧಿಯ ಸಂಶೋಧನೆಗಿಂತ ಒಂದು ಮೆಟ್ಟಿಲು ಕೆಳಗಿನದೆಂದು ಎಣಿಸುವ ರೂಢಿ ವಿದ್ವಾಂಸರಲ್ಲಿ ಉಂಟು. ಈ ಎಣಿಕೆಗೆ ಇತಿಹಾಸದ ಸಮ್ಮತಿ ಇದೆಯೇ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ. ಏಕೆಂದರೆ, ಬಳ್ಳಾರಿ ಸೀಮೆಯ ವಿದ್ಯಾಭ್ಯಾಸವನ್ನು ಕುರಿತು ಇಂದಿಗೂ ನಾವು ಆಧಾರವಾಗಿ ಹಿಡಿಯುವ ಹಳೆಯ ಸಮೀಕ್ಷೆಯು ಕೆಲಸದ ನಡುವೆ ಬಿಡುವು ಮಾಡಿಕೊಂಡ ಒಬ್ಬನಿಂದಲೇ ಆದದ್ದು. ಅವನು ಉಪಾಧ್ಯಾಯನೂ ಅಲ್ಲ, ಕಂದಾಯ ವಸೂಲಿಯ ಅಧಿಕಾರಿ.

ಕ್ರಿ.ಶ. 1800ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಪ್ರದೇಶದಲ್ಲಿ ಬಳ್ಳಾರಿಯೂ ಸೇರಿದ್ದಿತು. ಆ ಪ್ರದೇಶದ ಮೊದಲ ಪ್ರಧಾನ ಕಲೆಕ್ಟರನಾಗಿ 1807ರವರೆಗೆ ಕೆಲಸ ಮಾಡಿದ ಥಾಮಸ್ ಮನ್ರೋ 1820ರಲ್ಲಿ ಮದರಾಸಿನ ಗವರ್ನರನಾದನು. ದೇಶದ ಭೂಮಿಯನ್ನು ಅಳೆದಿದ್ದೇವೆ, ಪೈರುಗಳನ್ನು ಎಣಿಸಿದ್ದೇವೆ, ಜನರ ವಿದ್ಯೆಯ ಸ್ಥಿತಿಯನ್ನು ಮಾತ್ರ ಅರಿಯಲಿಲ್ಲ ಎಂಬುದು ಅವನ ಕೊರಗು. 1822ರ ಜೂನ್ 25ರ ಟಿಪ್ಪಣಿಯಲ್ಲಿ ಅವನು ಪ್ರತಿಯೊಂದು ಜಿಲ್ಲೆಯ ಶಾಲೆಗಳ ಲೆಕ್ಕವನ್ನು ತರಿಸಬೇಕೆಂದು ಸೂಚಿಸಿದನು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ಲನ ಉತ್ತರ ಹೊರಟದ್ದು 1823ರ ಆಗಸ್ಟ್ 17ರಂದು, ಎಂದರೆ ವರ್ಷಕ್ಕೂ ಮೇಲ್ಪಟ್ಟು ತಡವಾಗಿ. ಆದರೆ ಇತರ ಕಲೆಕ್ಟರರಲ್ಲಿ ಬಹುಮಂದಿ ಪಟ್ಟಿಯೊಂದನ್ನು ಭರ್ತಿಮಾಡಿ ಕಳುಹಿಸಿ ಕೈತೊಳೆದುಕೊಂಡರೆ, ಕ್ಯಾಂಬೆಲ್ಲನು ಒಂದು ಸಣ್ಣ ಪ್ರಬಂಧವನ್ನೇ ಬರೆದನು. 1816ರಲ್ಲಿ ತೆಲುಗು ವ್ಯಾಕರಣವನ್ನು ಪ್ರಕಟಿಸಿದ್ದ ಭಾಷಾಭ್ಯಾಸಿ ಅವನು. ಈ ಶ್ರದ್ಧೆಯ ಮೂಲ ಅಲ್ಲಿದೆಯೆಂದು ನಮಗೆ ತೋರುತ್ತದೆ.

ಅವನ ಲೆಕ್ಕ ಇಂತಿದೆ. ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ವಿದ್ಯಾರ್ಥಿಗಳು 6,641. ಎಂದರೆ ಶಾಲೆಗೆ ಹನ್ನೆರಡು ಮಕ್ಕಳು, ಜನಸಂಖ್ಯೆಯಲ್ಲಿ ಸಾವಿರಕ್ಕೆ ಸುಮಾರು ಏಳು ಮಂದಿ. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಇವಲ್ಲದೆ ಬ್ರಾಹ್ಮಣರು ಮಾತ್ರ ಕಲಿಯುವ ಸಂಸ್ಕೃತ ಪಾಠಶಾಲೆಗಳು 23. ವಿದ್ಯಾರ್ಥಿಗಳಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರೆಂದು ಬರೆಯಲ್ಪಟ್ಟವರು 2,998, ಇತರ ಜಾತಿಗಳವರು 1,174, ಮುಸಲ್ಮಾನರು 243. ಇಡೀ ಜಿಲ್ಲೆಯಲ್ಲಿ ಓದುತ್ತಿದ್ದ ಹೆಣ್ಣುಮಕ್ಕಳು 60. ಮನ್ರೋ 1826ರ ಮಾರ್ಚ್ 10ರಂದು ಎಲ್ಲ ಜಿಲ್ಲೆಗಳ ಲೆಕ್ಕವನ್ನು ಕೂಡಿಸಿದಾಗ ಪ್ರಾಂತದಲ್ಲಿ 12,498 ಶಾಲೆಗಳೂ 1,88,650 ವಿದ್ಯಾರ್ಥಿಗಳೂ ಇದ್ದುದಾಗಿ ಕಂಡಿತು. ಅದು 67 ಜನಕ್ಕೆ ಒಬ್ಬ ವಿದ್ಯಾರ್ಥಿ. ಬಳ್ಳಾರಿಯ ಪ್ರಮಾಣ ಅದರ ಅರ್ಧದಷ್ಟೇ.

ಈ ಅಂಕಿಗಳನ್ನು ಬಳಸುವ ವಿದ್ಯಾರ್ಥಿಗಳು ಒಂದು ಎಚ್ಚರಿಕೆಯನ್ನು ಮರೆಯಬಾರದು. ಅಂದಿನ ಬಳ್ಳಾರಿ ಜಿಲ್ಲೆ ಇಂದಿನದಲ್ಲ. 1882ರಲ್ಲಿ ಬೇರೆಯಾದ ಅನಂತಪುರ ಸೀಮೆ ಆಗ ಅದರೊಳಗೆ ಇದ್ದಿತು. ಆದವಾನಿ, ಆಲೂರು, ರಾಯದುರ್ಗಗಳೂ ಇದ್ದವು. ಆದ್ದರಿಂದ ಕನ್ನಡ ಶಾಲೆಗಳ ಸಂಖ್ಯೆ ತೆಲುಗು ಶಾಲೆಗಳಿಗಿಂತ ಒಂಬತ್ತು ಮಾತ್ರ ಹೆಚ್ಚೆಂಬುದನ್ನು ಹಿಡಿದುಕೊಂಡು ಇಂದಿನ ಬಳ್ಳಾರಿಯ ಭಾಷೆಯ ವಿಷಯದಲ್ಲಿ ವಾದ ಹೂಡುವುದು ಸಲ್ಲದು. ಅಂತಹ ವಾದವನ್ನು ನಾವು ಒಂದಕ್ಕಿಂತ ಹೆಚ್ಚು ಬಾರಿ ಓದಿದ್ದೇವೆ.

ಅಂಕಿಗಳಿಗಿಂತ ಬೆಲೆಯುಳ್ಳದ್ದು ಕ್ಯಾಂಬೆಲ್ಲನು ಬರೆದಿರುವ ಶಾಲೆಯ ಚಿತ್ರ. ಐದನೆಯ ವರ್ಷದಲ್ಲಿ ಮಗುವಿಗೆ ಅಕ್ಷರಾಭ್ಯಾಸ. ಐಗಳೂ ಶಾಲೆಯ ಮಕ್ಕಳೂ ಆ ಮನೆಗೆ ಬಂದು ಗಣಪತಿಯ ಸುತ್ತ ಕುಳಿತುಕೊಳ್ಳುವರು; ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ಬರೆಯಿಸುವರು. ಬೆಳಗಿನ ಆರು ಗಂಟೆಗೆ ಶಾಲೆ. ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರು; ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಎಂಬ ಗುರುತು; ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವುದು. ಮೈಗಳ್ಳರನ್ನು ಎರಡು ಕೈ ಕಟ್ಟಿ ಮಾಡಿನಿಂದ ತೂಗುಹಾಕುವ ಶಿಕ್ಷೆಯೂ ಇದ್ದಿತು. ಕೂಲಿಮಠಗಳ ಕಾಲವನ್ನು ಹೊಗಳುವವರು ಇದನ್ನೂ ನೆನಪಿನಲ್ಲಿಡಬೇಕು.

ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಬರೆಯುವರು. ಬಳಿಕ ಹಲಗೆ, ಕಡತ, ಓಲೆ, ಕಾಗದ. ಈ ಹಲಗೆ, ಕಡತಗಳ ವರ್ಣನೆ ಎಷ್ಟು ಸ್ಪಷ್ಟವಾಗಿದೆಯೆಂದರೆ ಓದಿದವರು ತಾವೇ ಅದನ್ನು ತಯಾರಿಸಬಹುದು. ಮೂರು ಅಡಿ ಉದ್ದ, ಒಂದು ಅಡಿ ಅಗಲದ ನಯವಾದ ಹಲಗೆಗೆ ಅನ್ನವನ್ನೂ ಇದ್ದಲಿನ ಪುಡಿಯನ್ನೂ ಬಳಿಯಬೇಕು. ಕಡತವಾದರೆ ಗಂಜಿ ಹಾಕಿ ಬಿರುಸು ಮಾಡಿದ ಬಟ್ಟೆ; ಅದನ್ನು ಪುಸ್ತಕದಂತೆ ಮಡಿಕೆ ಮಾಡಿ, ಇದ್ದಲು ಮತ್ತು ಅಂಟುಗಳ ಮಿಶ್ರಣವನ್ನು ಸವರಬೇಕು. ಬರೆಯುವುದು ಬಳಪದಿಂದ; ಒದ್ದೆ ಬಟ್ಟೆಯಿಂದ ಒರಸಿದರೆ ಅಳಿಸಿಹೋಗುವುದು. ಹಲಗೆ, ಕಡತ, ಬಳಪ ಎಂಬ ನಮ್ಮ ಮಾತುಗಳನ್ನೇ ಅವನು ಕಿವಿಗೆ ಬಿದ್ದಂತೆ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡಿದ್ದಾನೆ. ಹತ್ತಿರ ನಿಂತು ನೋಡದೆ ಇದನ್ನು ಬರೆಯುವುದು ಸಾಧ್ಯವಿಲ್ಲ.

ಮುಂದಿನ ಪಾಠದ ಹುಡುಗರು ಹಿಂದಿನ ಪಾಠದವರಿಗೆ ಕಲಿಸುವ ಕ್ರಮವನ್ನು ಅವನು ಮೆಚ್ಚಿಕೊಂಡನು. ಕಲಿಸುತ್ತ ಕಲಿಸುತ್ತ ತಮ್ಮ ವಿದ್ಯೆಯನ್ನೂ ಗಟ್ಟಿಮಾಡಿಕೊಳ್ಳುವ ಈ ಪದ್ಧತಿಯನ್ನು ಇಂಗ್ಲೆಂಡ್ ಅನುಕರಿಸಿದ್ದು ಯುಕ್ತವೇ ಎಂದನು. ಇಲ್ಲಿ ಅವನ ಮನಸ್ಸಿನಲ್ಲಿದ್ದದ್ದು 'ಮದರಾಸು ಪದ್ಧತಿ'. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಆಶ್ರಮವನ್ನು ನೋಡಿಕೊಳ್ಳುತ್ತಿದ್ದ ಪಾದ್ರಿ ಆ್ಯಂಡ್ರೂ ಬೆಲ್, ಊರಿನ ಶಾಲೆಯ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ತನ್ನ ಆಶ್ರಮದಲ್ಲಿ ಪ್ರಯೋಗ ಮಾಡಿ, 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನು ಅಚ್ಚುಹಾಕಿಸಿದನು. ತನ್ನ ಉದ್ಯೋಗದ ಸ್ಥಳದಲ್ಲಿಯೇ ಎದುರಾದ ತೊಡಕನ್ನು ಅಲ್ಲಿಯೇ ಪರೀಕ್ಷಿಸಿ ಬರೆದಿಡುವುದೇ ವೃತ್ತಿನಿರತನ ಸಂಶೋಧನೆಯೆಂದಾದರೆ, ಬೆಲ್ಲನದು ಅದಕ್ಕೆ ಒಳ್ಳೆಯ ಉದಾಹರಣೆ.

ಕ್ಯಾಂಬೆಲ್ಲನು ಕಂಡದ್ದೇನು ಎಂಬುದಾಯಿತು. ಕಾಣದೆ ಹೋದದ್ದೂ ಉಂಟು. ಮದರಾಸು ನಗರದಲ್ಲಿ ಮನೆಯಲ್ಲಿ ಪಾಠ ಹೇಳಿಸಿಕೊಳ್ಳುವ ಮಕ್ಕಳು ಶಾಲೆಗೆ ಹೋಗುವವರಿಗಿಂತ ಹಲವು ಪಟ್ಟು ಹೆಚ್ಚೆಂದು ಅಲ್ಲಿನ ಕಲೆಕ್ಟರ್ ಲೆಕ್ಕ ಕೊಟ್ಟನು. ಬಳ್ಳಾರಿಯ 6,641 ಶಾಲೆಯ ಮಕ್ಕಳ ಲೆಕ್ಕ. ಮನೆಯ ಪಾಠ ಅದರಲ್ಲಿ ಬಾರದು. ಅರವತ್ತು ಹೆಣ್ಣುಮಕ್ಕಳ ಹಿಂದೆ ಮನೆಯ ಒಳಗೆ ಎಷ್ಟು ಮಂದಿ ಓದುಬಲ್ಲವರಿದ್ದರು, ತುಂಗಭದ್ರೆಯ ದಡದ ಸಿರುಗುಪ್ಪದಲ್ಲಿ ಎಷ್ಟು ಮಠಗಳಿದ್ದವು, ಹನ್ನೆರಡನೆಯ ಶತಮಾನದಲ್ಲಿ ಸಿಂದರ ರಾಜಧಾನಿಯಾಗಿದ್ದ ಕುರುಗೋಡಿನಲ್ಲಿ ವಿದ್ಯೆಯ ಸ್ಥಿತಿ 1823ರ ವೇಳೆಗೆ ಏನಾಗಿದ್ದಿತು ಎಂಬ ಪ್ರಶ್ನೆಗಳಿಗೆ ಜಿಲ್ಲೆಯ ಒಟ್ಟು ಮೊತ್ತಗಳು ಉತ್ತರ ಕೊಡಲಾರವು. ಊರಿನಲ್ಲಿಯೇ ಬಾಳುವ ಐಗಳೊಬ್ಬರು ಬರೆದಿದ್ದರೆ ಇವು ತಿಳಿಯುತ್ತಿದ್ದವು. ಅವರನ್ನು ಬರೆಯಿರೆಂದು ಯಾರೂ ಕೇಳಲಿಲ್ಲ.

ಆದರೂ ಕ್ಯಾಂಬೆಲ್ಲನ ಒಂದು ದಿಟ್ಟತನವನ್ನು ಒಪ್ಪಬೇಕು. ಮೊದಲು ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಈಗ ಒಂದೂ ಇಲ್ಲ, ದೊಡ್ಡ ಶಾಲೆಗಳಿದ್ದ ಕಡೆ ಉಳ್ಳವರ ಕೆಲವು ಮಕ್ಕಳು ಮಾತ್ರ ಓದುತ್ತಿದ್ದಾರೆ, ಕಾರಣ ದೇಶ ಮೆಲ್ಲಮೆಲ್ಲನೆ ಬಡವಾಗುತ್ತಿರುವುದು ಎಂದು ತನ್ನ ಸರ್ಕಾರಕ್ಕೇ ಬರೆದನು. ವಿಲಾಯಿತಿ ಬಟ್ಟೆ ಬಂದು ಕೈಕಸುಬಿನವರು ಕೆಟ್ಟರು. ದೇಶೀಯ ಅರಸರೂ ಅವರ ಅಧಿಕಾರಿಗಳೂ ಇಲ್ಲಿಯೇ ಖರ್ಚು ಮಾಡುತ್ತಿದ್ದ ಹಣ ಈಗ ಹೊರದೇಶಕ್ಕೆ ಹರಿಯುತ್ತಿದೆ. 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲವೆನ್ನಲು ತನಗೆ ನಾಚಿಕೆಯಾಗುತ್ತದೆ ಎಂದನು. ನೂರು ವರ್ಷಗಳ ಮೇಲೆ, 1931ರ ಅಕ್ಟೋಬರಿನಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿ ಭಾರತದ ಅಕ್ಷರಜ್ಞಾನ ಕುಗ್ಗಿತೆಂದು ಗಾಂಧೀಜಿ ಲಂಡನ್ನಿನಲ್ಲಿ ಹೇಳಿದಾಗ, ಢಾಕಾ ವಿಶ್ವವಿದ್ಯಾಲಯದ ಮಾಜಿ ಕುಲಪತಿ ಫಿಲಿಪ್ ಹಾರ್ಟಾಗ್ ಆಧಾರ ಕೇಳಿ ಪತ್ರಗಳನ್ನು ಬರೆದರು. ಆ ವಾದದಲ್ಲಿ ಮತ್ತೆ ಮತ್ತೆ ಬಂದ ಸಾಕ್ಷ್ಯಗಳಲ್ಲಿ ಬಳ್ಳಾರಿಯ ಈ ವರದಿಯೂ ಒಂದು. 1983ರಲ್ಲಿ ಧರ್ಮಪಾಲರು ಮದರಾಸಿನ ದಾಖಲೆಗಳನ್ನು ತಮ್ಮ ಗ್ರಂಥದಲ್ಲಿ ಪ್ರಕಟಿಸಿದ ಮೇಲೆ ಅದು ಎಲ್ಲರ ಕೈಗೆ ಸಿಕ್ಕುವಂತಾಯಿತು.

ಇನ್ನು ಪದವಿಯ ಮಾತು. ಶಾಲೆಯ ಕೆಲಸದಲ್ಲಿರುವವರಿಗೆ, ಆ ಕೆಲಸದ ಪ್ರಶ್ನೆಗಳನ್ನೇ ಕುರಿತು, ಪಿಎಚ್.ಡಿ.ಯಿಂದ ಬೇರೆಯಾದ 'ಶಿಕ್ಷಣದ ಡಾಕ್ಟರ್' ಎಂಬ ಪದವಿಯನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ 1920ರಲ್ಲಿ ತನ್ನ ಶಿಕ್ಷಣ ವಿಭಾಗದೊಂದಿಗೆ ಆರಂಭಿಸಿತು. ಕೊಲಂಬಿಯಾದ ಟೀಚರ್ಸ್ ಕಾಲೇಜು 1934ರಲ್ಲಿ ಅದನ್ನು ಕೈಗೊಂಡಿತು. ಬ್ರಿಟನ್ನಿನಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದಿಂದ ಮೊದಲಾದದ್ದು 1992ರಲ್ಲಿ. ನಮ್ಮಲ್ಲಿ ಈ ಪದವಿ ಬೇರೂರಲಿಲ್ಲ. ಭಾರತದಲ್ಲಿ ಶಿಕ್ಷಣಶಾಸ್ತ್ರದ ಮೊದಲ ಪಿಎಚ್.ಡಿ. 1943ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದಿಂದ ಬಂದಿತು. ಅಂದಿನಿಂದ ಉದ್ಯೋಗಸ್ಥನಿಗೂ ಉದ್ಯೋಗವಿಲ್ಲದವನಿಗೂ ಒಂದೇ ಪದವಿ, ಒಂದೇ ನಿಯಮ.

ಬಳ್ಳಾರಿಯವರಿಗೆ ನಿಯಮಕ್ಕಿಂತ ದಾರಿಯ ಉದ್ದವೇ ಬಹುಕಾಲ ದೊಡ್ಡ ಅಡ್ಡಿಯಾಗಿದ್ದಿತು. 1945ರಲ್ಲಿ ವೀರಶೈವ ಕಾಲೇಜು ತೆರೆದಾಗ ವಿಶ್ವವಿದ್ಯಾಲಯ ಮದರಾಸಿನಲ್ಲಿ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪಿತವಾದ ಮೇಲೂ ಸಿರುಗುಪ್ಪದ ಉಪಾಧ್ಯಾಯನು ಮಾರ್ಗದರ್ಶಕರ ಸಹಿಗಾಗಿ ರಾಯಚೂರನ್ನು ದಾಟಿ ಹೋಗಬೇಕಾಗಿದ್ದಿತು. 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ, 2010ರಲ್ಲಿ ಬಳ್ಳಾರಿಯಲ್ಲಿಯೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂದವು. ದಾರಿ ಕಡಮೆಯಾಯಿತು.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರ ನವೆಂಬರಿನಲ್ಲಿ ಹೊರಡಿಸಿದ ನಿಯಮಾವಳಿ ಅಂಶಕಾಲಿಕ ಪಿಎಚ್.ಡಿ.ಗೆ ಸ್ಪಷ್ಟವಾಗಿ ಎಡೆಮಾಡಿಕೊಟ್ಟಿದೆ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಮರುನೋಂದಣಿಯಿಂದ ಇನ್ನೆರಡು, ಮಹಿಳೆಯರಿಗೆ ಮತ್ತೂ ಎರಡು, ಒಟ್ಟು ಹತ್ತನ್ನು ಮೀರದಂತೆ. ಮುಖ್ಯವಾದದ್ದು ಮೇಲಧಿಕಾರಿಯ ನಿರಾಕ್ಷೇಪಣಾ ಪತ್ರ. ಅದರಲ್ಲಿ ಮೂರು ಮಾತು ಇರಬೇಕು: ವ್ಯಾಸಂಗಕ್ಕೆ ಅನುಮತಿ ಇದೆ, ಸಂಶೋಧನೆಗೆ ಸಾಕಷ್ಟು ವೇಳೆ ದೊರೆಯುವಂತೆ ಅಭ್ಯರ್ಥಿಯ ಕೆಲಸವಿದೆ, ಅಗತ್ಯವಾದರೆ ಪಾಠಕ್ರಮವನ್ನು ಮುಗಿಸಲು ಅವನನ್ನು ಕೆಲಸದಿಂದ ಬಿಡುಗಡೆ ಮಾಡಲಾಗುವುದು. ಮೊದಲನೆಯದು ಸುಲಭ. ಎರಡನೆಯದನ್ನು ಬರೆದುಕೊಡುವವರಿಗೂ ಬರೆಯಿಸಿಕೊಳ್ಳುವವರಿಗೂ ಅದರ ಸತ್ಯಾಂಶವೆಷ್ಟೆಂಬುದು ಗೊತ್ತು. ಇಬ್ಬರು ಮಾಡಬೇಕಾದ ಪಾಠವನ್ನು ಒಬ್ಬನೇ ಮಾಡುವ ಶಾಲೆಯಲ್ಲಿ ಮೂರನೆಯದು ಕಾಗದದಲ್ಲಿಯೇ ಉಳಿಯಬಹುದು. ಆ ಕಾಗದ ಮೇಜಿನಿಂದ ಮೇಜಿಗೆ ಸಾಗುವುದನ್ನು ನಾವು ಇಂದು 'ಕಡತ' ಎನ್ನುತ್ತೇವೆ. ಮಕ್ಕಳು ಬರೆದು ಅಳಿಸುತ್ತಿದ್ದ ಕಪ್ಪು ಬಟ್ಟೆಯ ಹೆಸರು ಕಚೇರಿಯ ಪಾಲಾದದ್ದು ನಮ್ಮ ಭಾಷೆಯ ಚರಿತ್ರೆಯಲ್ಲಿ ಒಂದು ವಿನೋದ.

ಇಷ್ಟು ಕಷ್ಟಪಟ್ಟು ಪದವಿಗೆ ಸೇರಿದವನು ಮಾಡುವುದೇನು? ಇಲ್ಲಿ ನಮ್ಮ ಅಸಮಾಧಾನವನ್ನು ಮರೆಮಾಡುವುದಿಲ್ಲ. ವಿಶ್ವವಿದ್ಯಾಲಯಗಳ ವಿಭಾಗಗಳಲ್ಲಿ ಸಹಾಯಕ ಪ್ರಾಧ್ಯಾಪಕರ ನೇಮಕಕ್ಕೆ ಪಿಎಚ್.ಡಿ. ಕಡ್ಡಾಯವೆಂದು 2018ರಲ್ಲಿ ಹೇಳಿ, ಜಾರಿಯನ್ನು 2021ಕ್ಕೆ, ಬಳಿಕ 2023ಕ್ಕೆ ಮುಂದೂಡಿ, ಕೊನೆಗೆ 2023ರಲ್ಲಿ ಐಚ್ಛಿಕವೆಂದು ಬದಲಾಯಿಸಿದ ಅವಧಿಯಲ್ಲಿ ಪದವಿಗಾಗಿ ನುಗ್ಗಾಟ ಹೆಚ್ಚಿತು. ಅಂತಹ ಆತುರದಲ್ಲಿ ಹುಟ್ಟುವ ಮಹಾಪ್ರಬಂಧಗಳ ಅಚ್ಚು ಒಂದೇ: ನೂರಿನ್ನೂರು ಮಂದಿಗೆ ಪ್ರಶ್ನಾವಳಿ, ಉತ್ತರಗಳ ಶೇಕಡಾ ಲೆಕ್ಕ, ಕೋಷ್ಟಕಗಳು. ಇಪ್ಪತ್ತು ವರ್ಷ ಪಾಠ ಹೇಳಿದವನು ತಾನು ಕಣ್ಣಾರೆ ಕಂಡದ್ದನ್ನು ಬದಿಗಿಟ್ಟು, ಕ್ಯಾಂಬೆಲ್ಲನ ವರದಿಯ ದುರ್ಬಲ ಭಾಗವಾದ ಪಟ್ಟಿಯನ್ನು ಅನುಕರಿಸುತ್ತಾನೆ. ಕಡತವನ್ನೂ ಅಂಗೈಯ ಸರಸ್ವತಿಯನ್ನೂ ಕಂಡ ಭಾಗವನ್ನು ಅನುಕರಿಸುವುದಿಲ್ಲ. ತಪ್ಪು ಅವನೊಬ್ಬನದೇ ಅಲ್ಲ. ವಿಷಯವನ್ನು ಒಪ್ಪುವವರು ನಾವು, ವಿಶ್ವವಿದ್ಯಾಲಯದ ಜನ.

ಒಂದು ವಿಷಯವನ್ನು ಇಲ್ಲಿ ಮುಂದಿಡುತ್ತೇವೆ. 1953ರ ಅಕ್ಟೋಬರ್ 1ರಂದು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು. ಸಿರುಗುಪ್ಪ, ಹೊಸಪೇಟೆ ಮೊದಲಾದವು ಮೈಸೂರಿಗೆ ಬಂದವು. ಕುರುಗೋಡು ಆಗ ಸೇರಿದ್ದ ಬಳ್ಳಾರಿ ತಾಲ್ಲೂಕಿನ ಪ್ರಶ್ನೆಯನ್ನು ನ್ಯಾಯಮೂರ್ತಿ ಮಿಶ್ರಾ ಅವರ ಆಯೋಗ ಬೇರೆಯಾಗಿ ವಿಚಾರಿಸಿ, ಅದೂ ಮೈಸೂರಿಗೆ ಬಂದಿತು. ರಾಜಕೀಯದ ಈ ಕಥೆಯನ್ನು ಬರೆದವರಿದ್ದಾರೆ. ಶಾಲೆಯ ಕಥೆಯನ್ನು ಬರೆಯಬೇಕಾಗಿದೆ. ಶಾಲಾವರ್ಷದ ನಡುವೆ ರಾಜ್ಯ ಬದಲಾದಾಗ ಪಠ್ಯಪುಸ್ತಕ ಯಾವುದಾಯಿತು? ತನಿಖೆಗೆ ಬರುವ ಅಧಿಕಾರಿ ಯಾರು? ಆದವಾನಿಯ ಕಡೆ ನಂಟಸ್ತಿಕೆಯಿದ್ದ ಸಿರುಗುಪ್ಪದ ಮನೆಗಳವರು ಮಕ್ಕಳನ್ನು ಎಲ್ಲಿಗೆ ಕಳುಹಿಸಿದರು? ತೆಲುಗು ಮಾಧ್ಯಮದ ಉಪಾಧ್ಯಾಯರು ಉಳಿದರೋ ಹೋದರೋ?

ಇದಕ್ಕೆ ಬೇಕಾದ ಆಧಾರಗಳನ್ನು ಹುಡುಕಬೇಕಾದದ್ದು ಆ ಊರುಗಳ ಹಳೆಯ ಶಾಲೆಗಳ ಬೀರುಗಳಲ್ಲಿ: ದಾಖಲಾತಿ ರಿಜಿಸ್ಟರು, ಹಾಜರಿ ಪುಸ್ತಕ, ವರ್ಗಾವಣೆ ಪತ್ರದ ಅರ್ಧಚೀಟಿಗಳು, ತನಿಖೆಯ ಪುಸ್ತಕ. ಬೀಗದ ಕೈ ಮುಖ್ಯೋಪಾಧ್ಯಾಯರ ಬಳಿ. ಹೊರಗಿನಿಂದ ಬಂದ ಸಂಶೋಧಕನು ಎರಡು ದಿನ ಕಾದು ಹಿಂದಿರುಗಬಹುದು. ಅದೇ ಶಾಲೆಯ ಉಪಾಧ್ಯಾಯನಿಗೆ ಊಟದ ಬಿಡುವಿನಲ್ಲಿ ಅದು ತೆರೆಯುತ್ತದೆ. ಗೆದ್ದಲು ಹಿಡಿದ ಪುಸ್ತಕಗಳನ್ನು ಹರಾಜಿನಲ್ಲಿ ರದ್ದಿಗೆ ಹಾಕುವ ದಿನ ಯಾವುದೆಂಬುದೂ ಅವನಿಗೆ ಮೊದಲೇ ತಿಳಿಯುತ್ತದೆ. 1953ರಲ್ಲಿ ಹತ್ತು ವರ್ಷದವರಾಗಿದ್ದ ಮಕ್ಕಳು ಈಗ ಎಂಬತ್ತನ್ನು ದಾಟಿದ್ದಾರೆ. ಅವರಲ್ಲಿ ಕೆಲವರ ಮೊಮ್ಮಕ್ಕಳು ಆ ಉಪಾಧ್ಯಾಯನ ತರಗತಿಯಲ್ಲಿಯೇ ಕುಳಿತಿರಬಹುದು. ನಿಯಮಾವಳಿಯ ಆರು ವರ್ಷಗಳನ್ನು ಪೂರ್ತಿ ಬಳಸಿಕೊಂಡು ಬರೆಯುವೆನೆಂದು ಹೊರಟರೂ, ಆ ಮುದುಕರ ಬಳಿಗೆ ಈ ಬೇಸಿಗೆಯ ರಜೆಯಲ್ಲಿಯೇ ಹೋಗಬೇಕು.