ಆರ್ಯಭಟ ಉಪಗ್ರಹ ಕಲಿಸಿದ ವಿದ್ಯುತ್ ಪಾಠ



ಶಹಾಪುರ–ಯಾದಗಿರಿ ರಸ್ತೆಯ ದೋರನಹಳ್ಳಿಯಂಥ ಊರಿನಲ್ಲಿ ಹಿರಿಯರನ್ನು ಕೇಳಿ ನೋಡಿ. ಹಿಂದೆ ಟಿ.ವಿ. ಕೊಂಡವರು ಅದರ ಜೊತೆಗೆ ಸ್ಟೆಬಿಲೈಜರ್ ಎಂಬ ಪೆಟ್ಟಿಗೆಯನ್ನೂ ಕೊಳ್ಳುತ್ತಿದ್ದರು. ಹೊಲಗಳಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾದರೆ ವೋಲ್ಟೇಜ್ ಕುಸಿದು ಬಲ್ಬು ಮಂಕಾಗುತ್ತದೆ, ಹಳೆಯ ಟಿ.ವಿ.ಯ ಚಿತ್ರ ಕುಗ್ಗುತ್ತದೆ. ಈ ಏರಿಳಿತವನ್ನು ಹೊರಗೇ ತಡೆಯುವುದು ಆ ಪೆಟ್ಟಿಗೆಯ ಕೆಲಸ.

ಟಿ.ವಿ.ಯ ಒಳಗೂ ಇಂಥ ಕಾವಲು ಬೇಕು ಎಂಬುದು ನಿಮಗೆ ಗೊತ್ತೇ? ಧ್ವನಿಯ ಭಾಗ 12 ವೋಲ್ಟ್ ಕೇಳಿದರೆ, ರಿಮೋಟಿನ ಸಂಕೇತ ಓದುವ ಭಾಗ 5 ವೋಲ್ಟ್ ಕೇಳಬಹುದು. ಆದ್ದರಿಂದಲೇ ಒಂದೇ ಸರ್ಕ್ಯೂಟ್ ಬೋರ್ಡಿನ ಮೇಲೆ ಹಲವು ವೋಲ್ಟೇಜ್ ರೆಗ್ಯುಲೇಟರ್‌ಗಳಿರುತ್ತವೆ. 1970ರ ದಶಕದಲ್ಲಿ ಬಳಕೆಗೆ ಬಂದ ಮೂರು ಕಾಲಿನ 7805 ಐ.ಸಿ. ಇವುಗಳಲ್ಲಿ ಪ್ರಸಿದ್ಧವಾದುದು. ಅದಕ್ಕೆ 12 ವೋಲ್ಟ್ ಕೊಟ್ಟು, 5 ವೋಲ್ಟಿನಲ್ಲಿ 1 ಆಂಪಿಯರ್ ಪಡೆದರೆ, ಉಳಿದ 7 ವೋಲ್ಟ್ 7 ವಾಟ್ ಶಾಖವಾಗಿ ಹೋಗುತ್ತದೆ. ಹೊರೆಯನ್ನು ಎರಡು ಭಾಗ ಮಾಡಿ ಎರಡು ರೆಗ್ಯುಲೇಟರ್‌ಗಳಿಗೆ ಒಪ್ಪಿಸಿದರೆ ಶಾಖವೂ ಹಂಚಿಹೋಗುತ್ತದೆ. ಒಂದು ಭಾಗದ ಗದ್ದಲ ಇನ್ನೊಂದನ್ನು ಅಷ್ಟಾಗಿ ಕೆಡಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಕೆಟ್ಟರೂ ಇನ್ನೊಂದು ಬದುಕಿರುತ್ತದೆ.

ಈ ಕೊನೆಯ ಮಾತಿನ ಬೆಲೆ ತಿಳಿಯಲು ನಮ್ಮ ನಾಡಿನಲ್ಲೇ ತಯಾರಾದ ಆರ್ಯಭಟ ಉಪಗ್ರಹದ ಕಥೆ ಕೇಳಬೇಕು. ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಅದು ರೂಪುಗೊಂಡಿತು. ಸುಮಾರು 360 ಕಿಲೋಗ್ರಾಂ ತೂಕದ ಈ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಕಕ್ಷೆಗೆ ಸೇರಿಸಿತು.

ಅಲ್ಲಿ ವಿದ್ಯುತ್ತಿಗೆ ಸೂರ್ಯನೇ ಆಧಾರ. ಆದರೆ ಉಪಗ್ರಹ ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಬಿಸಿಲು, ನೆರಳು ಮತ್ತೆ ಮತ್ತೆ ಬದಲಾಗುತ್ತವೆ. ನೆರಳಿನಲ್ಲಿ ಬ್ಯಾಟರಿ, ಬಿಸಿಲಿನಲ್ಲಿ ಸೌರಕೋಶ. ಹೀಗೆ ಏರಿಳಿಯುವ ವಿದ್ಯುತ್ತನ್ನು ಪ್ರತಿಯೊಂದು ಉಪಕರಣಕ್ಕೂ ಬೇಕಾದ ಸ್ಥಿರ ವೋಲ್ಟೇಜಿಗೆ ತರಬೇಕಿತ್ತು.

ಎಕ್ಸ್-ರೇ ಖಗೋಳ ವಿಜ್ಞಾನ, ಸೂರ್ಯನ ಅಧ್ಯಯನ, ಮೇಲಿನ ವಾಯುಮಂಡಲದ ಅಧ್ಯಯನ – ಹೀಗೆ ಮೂರು ಪ್ರಯೋಗಗಳು ಅದರಲ್ಲಿದ್ದವು. ಉಡಾವಣೆಯಾಗಿ ಕೆಲವೇ ದಿನಗಳಲ್ಲಿ ಅವುಗಳಿಗೆ ವಿದ್ಯುತ್ ಒದಗಿಸುವ ವ್ಯವಸ್ಥೆ ಕೆಟ್ಟಿತು. ವರ್ಷಗಳ ಶ್ರಮದಿಂದ ಸಿದ್ಧಪಡಿಸಿದ ಪ್ರಯೋಗಗಳು ನಿಂತುಹೋದವು. ಕಕ್ಷೆಗೆ ಹತ್ತಿ ರಿಪೇರಿ ಮಾಡುವವರು ಯಾರು?

ಹಾಗೆಂದು ಆರ್ಯಭಟ ಸಾಯಲಿಲ್ಲ. ಉಪಗ್ರಹದ ಮುಖ್ಯ ವ್ಯವಸ್ಥೆ 1981ರ ಮಾರ್ಚ್‌ವರೆಗೂ ಜೀವಂತವಾಗಿತ್ತು. ಒಂದು ಕವಲಿನ ದೋಷ ಇಡೀ ಮರವನ್ನು ಒಣಗಿಸಲಿಲ್ಲ. ಅಲ್ಲಿ ಪಡೆದ ಅನುಭವದ ಬಲದಿಂದ 1979ರಲ್ಲಿ ಭಾಸ್ಕರ ಉಪಗ್ರಹ ಮೇಲೇರಿತು.

ನೀವು ಕಾಲೇಜಿನ ಪ್ರಯೋಗಾಲಯದಲ್ಲಿ ಬೋರ್ಡು ಜೋಡಿಸುವಾಗ ಇದನ್ನು ನೆನಪಿಡಿ. ಹೆಚ್ಚು ಆಂಪಿಯರ್ ಬೇಕೆಂದು ಎರಡು 7805ಗಳ ಹೊರತುದಿಗಳನ್ನು ನೇರವಾಗಿ ಕೂಡಿಸಬೇಡಿ. ಒಂದು 5.02, ಇನ್ನೊಂದು 4.98 ವೋಲ್ಟ್ ಕೊಟ್ಟರೂ ಸಾಕು, ಹೊರೆಯೆಲ್ಲ ಬಹುಪಾಲು ಮೊದಲನೆಯದರ ಮೇಲೆಯೇ ಬೀಳುತ್ತದೆ. ಪ್ರತಿಯೊಂದಕ್ಕೂ ಅದರದೇ ಭಾಗವನ್ನು ಒಪ್ಪಿಸಿ. ಗ್ರೌಂಡ್ ಮಾತ್ರ ಎಲ್ಲಕ್ಕೂ ಒಂದೇ ಇರಲಿ. ಜೋಡಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಕೆಟ್ಟರೆ, ಉಳಿಯಬೇಕಾದದ್ದು ಉಳಿಯುತ್ತದೆಯೇ?