ಸ್ತನಶಸ್ತ್ರಕರ್ಮಾನಂತರದ ಶೋಫವೂ ಕಲ್ಯಾಣದ ವೈದ್ಯಪರಂಪರೆಯೂ

ಹುಮನಾಬಾದು ತಾಲ್ಲೂಕಿನ ಜಲಸಂಗಿಯ ಶಿವಾಲಯದಲ್ಲಿ ಚಾಳುಕ್ಯ ವಿಕ್ರಮಾದಿತ್ಯನ (1076–1126) ಪ್ರಶಸ್ತಿಯನ್ನು ಬರೆಯುತ್ತಿರುವ ಸುಂದರಿಯ ವಿಗ್ರಹವೊಂದಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆ ಕಾಲದ ಶಿಲ್ಪಿಗಳಿಗೆ ಪೀನಸ್ತನವು ಸೌಂದರ್ಯಲಕ್ಷಣ. ಕವಿಗಳಿಗೂ ‘ಸ್ತನಭಾರ’ವೆಂಬುದು ಅಲಂಕಾರವೇ ಹೊರತು ದೂರಲ್ಲ. ಆದರೆ ಆ ಭಾರವನ್ನು ದಿಟವಾಗಿ ಹೊತ್ತ ಸ್ತ್ರೀಯರಿಗೆ ಕುತ್ತಿಗೆ, ಹೆಗಲು, ಬೆನ್ನುಗಳ ನೋವೂ ಸ್ತನದಡಿಯ ಮಡಿಕೆಯಲ್ಲಿ ಬೆವರಿನ ಹುಣ್ಣೂ ಉಂಟಾಗುವುದನ್ನು ಕವಿಸಮಯವು ಗಣಿಸಲಿಲ್ಲ.

ಶಾಸ್ತ್ರಕಾರರೂ ಇದನ್ನು ರೋಗವೆಂದು ಎಣಿಸಿದಂತೆ ತೋರುವುದಿಲ್ಲ. ಸುಶ್ರುತನು ನಿದಾನಸ್ಥಾನದ ಹತ್ತನೆಯ ಅಧ್ಯಾಯದಲ್ಲಿ ಸ್ತನರೋಗಗಳನ್ನು ಹೇಳಿರುವನು. ಅಲ್ಲಿ ವಿಚಾರಿತವಾದುದು ಬಾವು ಮತ್ತು ಸ್ತನ್ಯದೋಷ, ಗಾತ್ರವಲ್ಲ. ಹೆಚ್ಚಿದ ಸ್ತನವನ್ನು ಶಸ್ತ್ರದಿಂದ ತಗ್ಗಿಸುವ ಕ್ರಮವನ್ನು, ಅದೂ ಪುರುಷರ ವಿಷಯದಲ್ಲಿ, ಏಳನೆಯ ಶತಮಾನದ ಏಜಿನಾ ದ್ವೀಪದ ವೈದ್ಯ ಪಾಲಸನು ವರ್ಣಿಸಿದನು. ಸ್ತ್ರೀಯರಲ್ಲಿ ಈ ಕರ್ಮವು ಬಹಳ ಈಚಿನದು. 1956ರಲ್ಲಿ ರಾಬರ್ಟ್ ವೈಸ್ ಎಂಬಾತನು ಪ್ರಕಟಿಸಿದ ಛೇದನರೇಖೆಯಿಂದ ಅದು ಸುಸ್ಥಿರವಾಯಿತು. ಆದುದರಿಂದ ಶಸ್ತ್ರಕರ್ಮವು ಹೊಸತು. ಅದರ ಬಳಿಕ ಬರುವ ಬಾವಾದರೋ ಹೊಸತಲ್ಲ.

ಕಲ್ಯಾಣದ ರಾಜಕುಲಕ್ಕೂ ವೈದ್ಯಕ್ಕೂ ನಂಟು ಇದ್ದೇ ಇತ್ತು. ವಿಕ್ರಮಾದಿತ್ಯನ ಸೋದರ ಕೀರ್ತಿವರ್ಮನು ‘ಗೋವೈದ್ಯ’ವನ್ನು ಕನ್ನಡದಲ್ಲಿ ರಚಿಸಿದನು. ಹನ್ನೆರಡನೆಯ ಶತಮಾನದ ನಡುವೆ ಜಗದ್ದಳ ಸೋಮನಾಥನು ಪೂಜ್ಯಪಾದರ ಕೃತಿಯನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಿಸಿದನು. (ಈ ಹೆಸರಿನ ‘ಕಲ್ಯಾಣ’ವು ಕ್ಷೇಮವಾಚಕವೇ ಹೊರತು ಪಟ್ಟಣವಾಚಕವಲ್ಲ.) ಶರಣರಲ್ಲಿ ವೈದ್ಯ ಸಂಗಣ್ಣನು ತನ್ನ ಕಾಯಕದ ಪರಿಭಾಷೆಯನ್ನೇ ವಚನಕ್ಕೆ ತಂದನು. ಆದರೂ ಶಲ್ಯತಂತ್ರದ ಮೂಲವನ್ನರಸುವವರು ಸುಶ್ರುತನಲ್ಲಿಗೇ ಹೋಗತಕ್ಕುದು.

ಸೂತ್ರಸ್ಥಾನದ ಹದಿನೆಂಟನೆಯ ಅಧ್ಯಾಯದಲ್ಲಿ ಹದಿನಾಲ್ಕು ಬಗೆಯ ಬಂಧಗಳುಂಟು. ಅವುಗಳಲ್ಲಿ ಸ್ತನಗಳ ನಡುವಣ ಎಡೆಗೆ ಸ್ವಸ್ತಿಕವೂ, ಎದೆ ಬೆನ್ನು ಹೊಟ್ಟೆಗಳಿಗೆ ವಿಬಂಧವೂ ವಿಹಿತವಾಗಿವೆ. ಬಿಗಿತದಲ್ಲಿ ಗಾಢ, ಸಮ, ಶಿಥಿಲವೆಂದು ಮೂರು ತರ. ತೊಡೆ, ಕಂಕುಳು, ತಲೆಗಳಿಗೆ ಗಾಢ, ಕಣ್ಣು, ಸಂಧಿಗಳಿಗೆ ಶಿಥಿಲ, ಎದೆಗೆ ಸಮ. ಇಂದಿನ ಶಸ್ತ್ರವೈದ್ಯರು ತೊಡಿಸುವ, ಎದೆಯನ್ನು ಒತ್ತಿ ಹಿಡಿಯುವ ಕುಪ್ಪಸದ ತತ್ತ್ವವೂ ಇದೇ: ಸಡಿಲವಾದರೆ ಊತಕದಲ್ಲಿ ನೀರು ನಿಲ್ಲುವುದು, ಅತಿಬಿಗಿಯಾದರೆ ಚರ್ಮಕ್ಕೆ ರಕ್ತ ಸಾಲದೆ ಗಾಯ ಕೆಡುವುದು. ‘ಕುಪ್ಪಸ’ವೆಂಬ ಪದವೂ ಸಂಸ್ಕೃತದ ಕೂರ್ಪಾಸದಿಂದ ಬಂದುದು.

ಬಾವು ಮೊದಲ ಕೆಲವು ದಿನಗಳಲ್ಲಿ ಏರಿ, ಮುಂದೆ ವಾರಗಳಲ್ಲಿ ಇಳಿದು, ಸ್ತನದ ಆಕಾರವು ನಿಲ್ಲಲು ತಿಂಗಳುಗಳೇ ಬೇಕಾಗುವುವು. ಅಷ್ಟು ಕಾಲ ರೋಗಿಯು ತಾಳತಕ್ಕುದು. ಅವಸರದಲ್ಲಿ ಮನೆಮದ್ದಿಗೆ ಕೈಯಿಡುವುದೇ ಅಪಾಯಕ್ಕೆ ಮೂಲ. ಸುಶ್ರುತನ ಅಪಕ್ವಶೋಫಚಿಕಿತ್ಸೆಯಲ್ಲಿ ‘ವಿಮ್ಲಾಪನ’ವುಂಟು: ಎಣ್ಣೆ ಹಚ್ಚಿ, ಬೆವರಿಸಿ, ಬಿದಿರ ಕೊಳವೆಯಿಂದಲೋ ಅಂಗೈಯಿಂದಲೋ ಹೆಬ್ಬೆರಳಿನಿಂದಲೋ ಮೆಲ್ಲನೆ ತೀಡುವುದು. ಇದನ್ನು ಓದಿದವರು ಹಸಿಗಾಯದ ಎದೆಗೂ ಹರಳೆಲೆಯ ಕಾವು ಕೊಡಬಹುದೆಂದು ಭ್ರಮಿಸಬಾರದು. ಅಲ್ಲಿ ವಿಷಯವು ತಾನಾಗಿ ಎದ್ದ ಶೋಫ. ಇಲ್ಲಿ ಕೊಯ್ದು ಹೊಲಿದ ಅಂಗ. ಶಸ್ತ್ರಾನಂತರ ಸ್ತನದ ಚರ್ಮವು ಬಹುಕಾಲ ಜೋಮುಹಿಡಿದಿರುವುದರಿಂದ ಕಾವು ಸುಟ್ಟರೂ ರೋಗಿಗೆ ತಿಳಿಯುವುದಿಲ್ಲ. ಬರ್ಫದ ಗಡ್ಡೆಯನ್ನು ನೇರವಾಗಿ ಇಡುವುದೂ ಅಷ್ಟೇ ಕೆಟ್ಟದು. ಗಾಯ ಮಾಯ್ದ ಮೇಲೆ, ವೈದ್ಯನ ಅಪ್ಪಣೆಯಿಂದ, ನವುರಾಗಿ ಮಾಡುವ ಮರ್ದನವು ಮಾತ್ರ ವಿಮ್ಲಾಪನದ ಸ್ಥಾನದಲ್ಲಿ ನಿಲ್ಲಬಲ್ಲುದು. ಸೋಮೇಶ್ವರನ (1126–1138) ‘ಮಾನಸೋಲ್ಲಾಸ’ದ ಸ್ನಾನಭೋಗದಲ್ಲಿ ಹೇಳಿದ ಅಭ್ಯಂಗವು ಸ್ವಸ್ಥರಿಗೆ, ವ್ರಣಿತರಿಗಲ್ಲ.

ಹತ್ತೊಂಬತ್ತನೆಯ ಅಧ್ಯಾಯವು ಹೆಚ್ಚು ಉಪಯುಕ್ತವಾದುದು. ಏಳುವಾಗ, ಹೊರಳುವಾಗ, ನಡೆಯುವಾಗ, ಗಟ್ಟಿಯಾಗಿ ಮಾತನಾಡುವಾಗ ಸಹ ಗಾಯವನ್ನು ಕಾಯಬೇಕೆಂದು ಅಲ್ಲಿ ವಿಧಿ. ಭಾರ ಎತ್ತದಿರುವುದು, ತಲೆ ಎದೆಗಳನ್ನು ಎತ್ತರಿಸಿ ಅಂಗಾತ ಮಲಗುವುದು ಎಂಬ ಇಂದಿನ ಉಪದೇಶವು ಅದಕ್ಕೆ ಹೊಂದುತ್ತದೆ. ವರ್ಜ್ಯಾಹಾರಗಳಲ್ಲಿ ಉಪ್ಪು ಸೇರಿರುವುದು ಗಮನಾರ್ಹ. ಹೆಚ್ಚು ಉಪ್ಪು ನೀರನ್ನು ಹಿಡಿದಿಡುವುದೆಂಬುದು ಈಗಿನ ಮತವೂ ಹೌದು. ಉದ್ದು, ಹುರುಳಿಗಳ ನಿಷೇಧವನ್ನು ಮಾತ್ರ ಹಿಡಿಯಬೇಕಾಗಿಲ್ಲ. ಗಾಯ ಕೂಡಲು ಮಾಂಸವರ್ಧಕವಾದ ಆಹಾರ ಬೇಕಷ್ಟೆ; ಬೀದರ ಸೀಮೆಯ ಬೇಳೆಕಾಳುಗಳನ್ನು ಬಿಟ್ಟು ಬಡ ಬಾಣಂತಿಯಂತೆ ಗಂಜಿಯಲ್ಲಿರುವುದು ಯುಕ್ತವಲ್ಲ.

ಒಂದು ಸ್ತನ ಮಾತ್ರ ತಟ್ಟನೆ ಉಬ್ಬಿ ಬಿಗಿದು ನೋಯತೊಡಗಿದರೆ ಅದು ಒಳಗೆ ರಕ್ತ ಕಟ್ಟಿದ ಲಕ್ಷಣ. ಆ ಗಳಿಗೆಯಲ್ಲೇ ಶಸ್ತ್ರವೈದ್ಯನಲ್ಲಿಗೆ ಹೋಗತಕ್ಕುದು. ಜ್ವರ, ಕೆಂಪು, ಕೀವು ಕಂಡರೂ ಹಾಗೆಯೇ. ಅಪಕ್ವವನ್ನು ಕೊಯ್ಯುವವನನ್ನೂ ಪಕ್ವವನ್ನು ಉಪೇಕ್ಷಿಸುವವನನ್ನೂ ಸುಶ್ರುತನು ಸಮನಾಗಿಯೇ ನಿಂದಿಸಿರುವನು.

ಬಂಧವನ್ನು ಬದಲಿಸುವ ಕಾಲವನ್ನು ಋತುವಿಗೆ ತಕ್ಕಂತೆ ಅವನು ನಿಯಮಿಸಿದನು: ಪಿತ್ತವ್ರಣಕ್ಕೆ ಶರದ್ಗ್ರೀಷ್ಮಗಳಲ್ಲಿ ದಿನಕ್ಕೆರಡು ಸಲ, ಕಫವ್ರಣಕ್ಕೆ ಹೇಮಂತವಸಂತಗಳಲ್ಲಿ ಮೂರು ದಿನಕ್ಕೊಮ್ಮೆ. ಪಿತ್ತವ್ರಣದಲ್ಲಿ ಸಮಬಂಧದ ಸ್ಥಾನವನ್ನು ಶಿಥಿಲವಾಗಿ ಕಟ್ಟಬೇಕೆಂದೂ ಹೇಳಿದನು. ಗಾಯದ ಪಟ್ಟಿಯನ್ನು ಇಂದು ಬಿಚ್ಚುವವನು ವೈದ್ಯನೇ; ಆದರೆ ಬಸವಕಲ್ಯಾಣ ಹುಮನಾಬಾದುಗಳ ವೈಶಾಖದ ಬಿಸಿಲಿನಲ್ಲಿ ಬೆವರಿ ನೆನೆದ ಕುಪ್ಪಸಕ್ಕೆ ಬದಲಾಗಿ ಒಗೆದು ಒಣಗಿಸಿದ ಇನ್ನೊಂದನ್ನು ಸಿದ್ಧವಾಗಿಟ್ಟುಕೊಂಡಿರುವುದು ರೋಗಿಯ ಮನೆಯವರ ಕೆಲಸ.