ಮಂದ್ರನಾದವೂ ಮರದ ಪೆಟ್ಟಿಗೆಯೂ: ಶಿವಮೊಗ್ಗ–ಭದ್ರಾವತಿಗಳ ನೆಲೆಯಿಂದ ಒಂದು ವಿಚಾರ

ಸಣ್ಣ ಕಾರಿನ ಡಿಕ್ಕಿಯ ಅಳತೆಗೆ ತಕ್ಕಂತೆ ಮರದ ಪೆಟ್ಟಿಗೆಯೊಂದನ್ನು ಮಾಡಿಸಿ, ಅದರೊಳಗೆ ಸಬ್‌ವೂಫರ್ ಎಂಬ ಮಂದ್ರಧ್ವನಿಯ ಸ್ಪೀಕರನ್ನು ಕೂರಿಸುವ ಕಸಬು ಇಂದು ನಮ್ಮ ನಾಡಿನ ಪಟ್ಟಣಗಳಲ್ಲೆಲ್ಲ ಕಾಣಬರುತ್ತದೆ. ಶಿವಮೊಗ್ಗ, ಭದ್ರಾವತಿಗಳೂ ಇದಕ್ಕೆ ಹೊರತಲ್ಲ. ಇತಿಹಾಸದ ಪತ್ರಿಕೆಯಲ್ಲಿ ಇಂಥ ವಿಷಯಕ್ಕೇನು ಸ್ಥಾನವೆಂದು ಓದುಗರು ಕೇಳಬಹುದು. ಶಾಸನ, ಕಡತ, ನಾಣ್ಯಗಳಿಗೆ ಸಿಕ್ಕದ ಕೈಕಸಬುಗಳು ನಮ್ಮ ಕಣ್ಣೆದುರಿಗೇ ಹುಟ್ಟಿ, ಬರೆಹಕ್ಕೆ ಇಳಿಯುವ ಮೊದಲೇ ಮರೆಯಾಗುತ್ತಿವೆ. ಅಲ್ಲದೆ, ಗಟ್ಟಿಯಾಗಿ ಧ್ವನಿಗೈಯುವ ಅಧಿಕಾರ ಯಾರದೆಂಬ ಪ್ರಶ್ನೆ ಈ ಸೀಮೆಯಲ್ಲಿ ಬಹು ಹಳೆಯದು. ಆದುದರಿಂದ ಈ ವಿಚಾರವನ್ನು ಕೈಗೆತ್ತಿಕೊಂಡಿದ್ದೇವೆ.

ಶಿವಮೊಗ್ಗ ಜಿಲ್ಲೆಯ ಹುಂಚದ ಶಾಸನಗಳಲ್ಲಿ ಸಾಂತರ ಅರಸರಿಗೆ ‘ಸಮಧಿಗತ ಪಂಚಮಹಾಶಬ್ದ ಮಹಾಮಂಡಲೇಶ್ವರ’ ಎಂಬ ಬಿರುದು ಮತ್ತೆ ಮತ್ತೆ ಬರುತ್ತದೆ. ಬಿ.ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಇವನ್ನು ಪ್ರಕಟಿಸಿ ನೂರು ವರ್ಷಗಳಿಗೂ ಮಿಗಿಲಾಯಿತು. ಪಂಚಮಹಾಶಬ್ದವೆಂದರೆ ‘ಮಹಾ’ ಎಂದು ಮೊದಲಾಗುವ ಐದು ಪದವಿಗಳೆಂದು ಕೆಲವು ವಿದ್ವಾಂಸರ ಮತ. ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿಯ ಆಧಾರದ ಮೇಲೆ ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆಗಳೆಂಬ ಐದು ವಾದ್ಯಗಳೆಂದು ಇತರರು ಹೇಳುತ್ತಾರೆ. ದಕ್ಷಿಣದ ಶಾಸನಗಳ ಮಟ್ಟಿಗೆ ಎರಡನೆಯ ಅರ್ಥವೇ ಹೆಚ್ಚು ಒಪ್ಪುತ್ತದೆಂದು ನಮಗೆ ತೋರುತ್ತದೆ. ಹಾಗಿದ್ದರೆ, ಸಾಮಂತನು ತನ್ನ ಮುಂದೆ ಈ ವಾದ್ಯಗಳನ್ನು ಮೊಳಗಿಸಿಕೊಳ್ಳುವುದು ತಾನಾಗಿ ಬಂದ ಹಕ್ಕಲ್ಲ, ಮೇಲಿನವರಿಂದ ಪಡೆದುಕೊಂಡದ್ದು. ‘ಸಮಧಿಗತ’ವೆಂಬ ಮಾತಿನ ಸ್ವಾರಸ್ಯ ಅಲ್ಲಿದೆ. ಇಂದು ಅದನ್ನು ಯಾರೂ ಯಾರಿಗೂ ದಯಪಾಲಿಸಬೇಕಾಗಿಲ್ಲ. ಕಾರಿನ ಬ್ಯಾಟರಿಯಿಂದ ತಂತಿ ಎಳೆದರಾಯಿತು.

ಭೇರಿಗೂ ಪೆಟ್ಟಿಗೆಗೂ ಇರುವ ನಂಟು ಕೇವಲ ಉಪಮೆಯದಲ್ಲ. ಸ್ಪೀಕರಿನ ಶಂಕು ಮುಂದಕ್ಕೆ ಚಲಿಸಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ಸಡಿಲವಾಗುತ್ತದೆ. ಸೆಕೆಂಡಿಗೆ 50 ಕಂಪನಗಳ ನಾದದ ಅಲೆಯ ಉದ್ದ ಸುಮಾರು 7 ಮೀಟರು. ಇಷ್ಟು ಉದ್ದದ ಅಲೆಗೆ ಒಂದು ಗೇಣಿನ ಶಂಕು ಅಡ್ಡಿಯೇ ಅಲ್ಲ. ಹಿಂದಿನ ಅಲೆಯು ಅಂಚನ್ನು ಬಳಸಿ ಬಂದು ಮುಂದಿನದನ್ನು ಅಳಿಸಿಬಿಡುತ್ತದೆ. ಬರಿಯ ಸ್ಪೀಕರನ್ನು ಕೈಯಲ್ಲಿ ಹಿಡಿದು ನುಡಿಸಿದರೆ ಮಂದ್ರವೇ ಕೇಳದಿರುವುದಕ್ಕೆ ಇದು ಕಾರಣ. ಹಿಂದಿನ ಅಲೆಯನ್ನು ಸೆರೆಹಿಡಿಯುವುದೇ ಪೆಟ್ಟಿಗೆಯ ಮೊದಲ ಕೆಲಸ. ಬೀರೇಶ್ವರನ ಸೇವೆಯಲ್ಲಿ ಬಾರಿಸುವ ಡೊಳ್ಳಿನ ಮರದ ಒಡಲು, ತಂಬೂರಿಯ ಬುರುಡೆ, ಘಟದ ಹೊಟ್ಟೆ, ಇವುಗಳನ್ನು ಮಾಡಿದವರು ಅಲೆಯ ಉದ್ದವನ್ನು ಲೆಕ್ಕ ಹಾಕಿದವರಲ್ಲ. ಆದರೆ ಒಳಗಿನ ಗಾಳಿಯೂ ವಾದ್ಯದ ಒಂದು ಅಂಗವೆಂಬುದನ್ನು ಅವರ ಕೈ ಅರಿತಿತ್ತು. ಮೃದಂಗದ ಕರಣೆಯಿಂದ ಅದರ ಉಪಸ್ವರಗಳು ಶ್ರುತಿಬದ್ಧವಾಗುವುದನ್ನು ಸಿ.ವಿ. ರಾಮನ್ನರು 1920ರಲ್ಲಿ ತೋರಿಸಿ, 1934ರಲ್ಲಿ ಬೆಂಗಳೂರಿನ ಇಂಡಿಯನ್ ಅಕಾಡೆಮಿಯ ಪತ್ರಿಕೆಯಲ್ಲಿ ವಿಸ್ತಾರವಾಗಿ ನಿರೂಪಿಸಿದರು. ಕಸುಬುದಾರನ ಅರಿವಿಗೆ ವಿಜ್ಞಾನಿಯು ಬರೆಹದ ಗೌರವ ಕೊಟ್ಟ ಅಪರೂಪದ ಪ್ರಸಂಗವಿದು.

ಪಾಶ್ಚಾತ್ಯರಲ್ಲಿ ಈ ವಿದ್ಯೆ ಬೆಳೆದ ಬಗೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಹೆಲ್ಮ್‌ಹೋಲ್ಟ್ಸನು 1863ರ ತನ್ನ ಗ್ರಂಥದಲ್ಲಿ ಟೊಳ್ಳು ಪಾತ್ರೆಗಳ ಅನುರಣನವನ್ನು ವಿವರಿಸಿದನು. ರೈಸ್ ಮತ್ತು ಕೆಲಾಗ್ ಎಂಬವರು 1925ರಲ್ಲಿ ಇಂದಿನ ಮಾದರಿಯ ಧ್ವನಿವರ್ಧಕವನ್ನು ಪ್ರಕಟಿಸಿದರು. ಪೆಟ್ಟಿಗೆಗೆ ಕಿಂಡಿಯಿಟ್ಟು ಹಿಂದಿನ ಅಲೆಯನ್ನೂ ದುಡಿಸಿಕೊಳ್ಳುವ ಉಪಾಯಕ್ಕೆ ಥುರಾಸನು 1932ರಲ್ಲಿ ಪೇಟೆಂಟು ಪಡೆದನು. 1954ರಲ್ಲಿ ವಿಲ್ಚರನು ಇದಕ್ಕೆ ವಿರುದ್ಧವಾದ ದಾರಿ ಹಿಡಿದು, ಬಿಗಿಯಾಗಿ ಮುಚ್ಚಿದ ಚಿಕ್ಕ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿದನು. ಆಸ್ಟ್ರೇಲಿಯದ ಥೀಲ್ 1961ರಲ್ಲಿಯೂ ಅವನ ಹಿಂದೆಯೇ ಸ್ಮಾಲನು 1970ರ ದಶಕದಲ್ಲಿಯೂ ಇವೆಲ್ಲವನ್ನು ಕೆಲವೇ ಸಂಖ್ಯೆಗಳಿಗೆ ಇಳಿಸಿದರು. ಇಂದು ಅಂಗಡಿಯಲ್ಲಿ ಸ್ಪೀಕರಿನೊಡನೆ ದೊರೆಯುವ ಚೀಟಿಯ ಮೇಲಿರುವುದು ಆ ಸಂಖ್ಯೆಗಳೇ.

ಇನ್ನು ನಮ್ಮ ಎರಡು ಊರುಗಳ ವಿಷಯ. ಸ್ಪೀಕರಿಗೆ ಬೇಕಾದವು ಮುಖ್ಯವಾಗಿ ಮೂರು: ಶಂಕುವಿಗೆ ಕಾಗದ, ಅಯಸ್ಕಾಂತದ ಸುತ್ತಿನ ಭಾಗಕ್ಕೆ ಮೆದುಕಬ್ಬಿಣ, ಪೆಟ್ಟಿಗೆಗೆ ಮರ. ಭದ್ರಾವತಿ ಬೆಳೆದದ್ದೂ ಈ ಮೂರರಿಂದಲೇ. 1918ರಲ್ಲಿ ಆರಂಭವಾದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಗೆ ತೊಡಗಿದಾಗ, ಮಲೆನಾಡಿನ ಸೌದೆಯನ್ನು ಬಟ್ಟಿಯಿಳಿಸಿ ಪಡೆದ ಇದ್ದಿಲೇ ಅದರ ಇಂಧನವಾಗಿತ್ತು. ಕಾಗದದ ಕಾರ್ಖಾನೆ 1936ರಲ್ಲಿ ಸ್ಥಾಪಿತವಾಯಿತು. ಇಲ್ಲಿಯ ಕಾಗದ ಕಬ್ಬಿಣಗಳು ಧ್ವನಿವರ್ಧಕಗಳಿಗೆ ಹೋದುವೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಅಂಗುಲದ ನೂರನೆಯ ಪಾಲನ್ನೂ ಲೆಕ್ಕಕ್ಕೆ ಹಿಡಿಯುವ ಶಿಸ್ತು ಈ ಕಾರ್ಖಾನೆಗಳ ನೆರಳಿನಲ್ಲಿ ತಲೆಮಾರುಗಳಿಗೆ ರೂಢಿಯಾಯಿತು ಎಂಬಷ್ಟನ್ನೇ ಊಹಿಸುತ್ತೇವೆ. ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳಾದುವು; ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು, ಬಳಿಕ ಅದೇ ವರ್ಷ ಕೆಲಸ ಭಾಗಶಃ ಮತ್ತೆ ಆರಂಭವಾಯಿತು. ಅಂಥ ಊರಿನಲ್ಲಿ ಆ ಶಿಸ್ತು ಎಲ್ಲಿ ಉಳಿದೀತೆಂದು ಹುಡುಕುವವರು ಸಣ್ಣ ಅಂಗಡಿಗಳ ಕಡೆಗೂ ನೋಡಬೇಕಾಗುತ್ತದೆ.

ಭದ್ರಾವತಿಗೆ 1965ರಲ್ಲಿ ಆಕಾಶವಾಣಿ ಕೇಂದ್ರ ಬಂದಿತು. (ಆ ಹೆಸರು ಮೊದಲು ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ತೊಡಗಿಸಿದ ಖಾಸಗಿ ಕೇಂದ್ರದ್ದೆಂಬುದು ಓದುಗರಿಗೆ ತಿಳಿದೇ ಇದೆ.) ಮನೆಮನೆಯ ಟ್ರಾನ್ಸಿಸ್ಟರಿನ ಪುಟ್ಟ ಶಂಕುವಿನಿಂದ ಮಂದ್ರಸ್ವರ ಹೊರಡುವಂತಿರಲಿಲ್ಲ. ಆದರೂ ಕೇಳುಗರಿಗೆ ಮೃದಂಗದ ಎಡಭಾಗ ಕೇಳುತ್ತಿತ್ತು. ಉಪಸ್ವರಗಳಷ್ಟೇ ಬಂದರೂ ಮೂಲಸ್ವರವನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. ಕಿವಿಯು ಊಹಿಸಿಕೊಂಡದ್ದನ್ನು ಮೈಯಿಂದ ಅನುಭವಿಸುವ ಬಯಕೆ ಕಾರಿನ ಕಾಲದಲ್ಲಿ ಕೈಗೂಡಿತು.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ತರುವಾಯ ಸಣ್ಣ ಕಾರು ಮಧ್ಯಮವರ್ಗದ ಸೊತ್ತಾಯಿತು. ಅದರ ವಂಶದ ಆಲ್ಟೊ 800ರ ಡಿಕ್ಕಿಯ ಗಾತ್ರ 177 ಲೀಟರು. ಹತ್ತಂಗುಲದ ಒಂದು ಸ್ಪೀಕರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಸಹಜ ಕಂಪನ 30 ಹರ್ಟ್ಸ್. ಅದರ ಬಿಗಿತಕ್ಕೆ ಸಮನಾದ ಗಾಳಿಯ ಗಾತ್ರ 45 ಲೀಟರು. ಒಳ ಅಳತೆ 38, 30, 22 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಸುಮಾರು 25 ಲೀಟರು ಹಿಡಿಯುತ್ತದೆ; ಸ್ಪೀಕರಿನ ಒಡಲಿಗೂ ಒಳಗಿನ ಅಡ್ಡಪಟ್ಟಿಗೂ ಎರಡೂವರೆ ಲೀಟರು ಕಳೆದರೆ 22.5 ಉಳಿಯುತ್ತದೆ. 45ನ್ನು 22.5ರಿಂದ ಭಾಗಿಸಿ, ಒಂದನ್ನು ಕೂಡಿಸಿ, ವರ್ಗಮೂಲ ತೆಗೆದರೆ 1.73. ಅದರಿಂದ 30ನ್ನು ಗುಣಿಸಿದರೆ 52 ಹರ್ಟ್ಸ್. ಅದಕ್ಕಿಂತ ಕೆಳಗಿನ ಸ್ವರಗಳು ಕ್ರಮೇಣ ಕ್ಷೀಣಿಸುತ್ತವೆ. 18 ಮಿಲಿಮೀಟರಿನ ಎಂಡಿಎಫ್ ಹಲಗೆಯಿಂದ ಮಾಡಿದರೆ ಪೆಟ್ಟಿಗೆಯು ಹೊರಗಿನಿಂದ ಸುಮಾರು 36 ಲೀಟರಿನಷ್ಟಾಗಿ, ಡಿಕ್ಕಿಯ ಐದರಲ್ಲೊಂದು ಪಾಲನ್ನು ನುಂಗುತ್ತದೆ. ಕೀಲುಗಳಿಗೆ ಅಂಟು ಹಾಕಿ, ಸ್ಕ್ರೂ ಬಿಗಿದು, ಸಂದುಗಳನ್ನೆಲ್ಲ ಒಳಗಿನಿಂದ ಮೆತ್ತಬೇಕು. ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿ ಸೀಟಿ ಹೊಡೆಯುತ್ತದೆ.

52 ಹರ್ಟ್ಸಿಗೇ ನಿಂತರೆ ಅದು ಮಂದ್ರವೆನಿಸೀತೆ ಎಂದು ಕೇಳಬಹುದು. ಇಲ್ಲಿ ಸಣ್ಣ ಕಾರು ತಾನೇ ನೆರವಿಗೆ ಬರುತ್ತದೆ. ಎರಡೂವರೆ ಮೀಟರು ಉದ್ದದ ಮುಚ್ಚಿದ ಕೋಣೆಯಲ್ಲಿ ಸುಮಾರು 70 ಹರ್ಟ್ಸಿಗಿಂತ ಕೆಳಗಿನ ಅಲೆ ಸಂಚರಿಸಲಾರದು; ಒಳಗಿನ ಗಾಳಿಯೆಲ್ಲ ಒಟ್ಟಾಗಿಯೇ ಒತ್ತಲ್ಪಡುತ್ತದೆ. ಸ್ವರ ಇಳಿದಂತೆಲ್ಲ ಈ ಒತ್ತಡ ಏರುತ್ತದೆ. ಪೆಟ್ಟಿಗೆ ಕಳೆದುದನ್ನು ಕಾರು ಬಹುಮಟ್ಟಿಗೆ ತುಂಬಿಕೊಡುತ್ತದೆ. ದೊಡ್ಡ ಹಜಾರದಲ್ಲಿ ಬಡವೆನಿಸುವ ಪೆಟ್ಟಿಗೆ ಇಲ್ಲಿ ಸಂಪನ್ನವಾಗುವುದು ಈ ಕಾರಣದಿಂದ. ಕಿಂಡಿಯ ಪೆಟ್ಟಿಗೆಗೆ ಗಾತ್ರ ಹೆಚ್ಚು ಬೇಕು, ಕೊಳವೆಯ ಉದ್ದ ತಪ್ಪಿದರೆ ಶ್ರುತಿಯೂ ತಪ್ಪುತ್ತದೆ. ಅದರ ಅಬ್ಬರವನ್ನು ಮೆಚ್ಚುವವರು ಅನೇಕರಿದ್ದರೂ, ಸಣ್ಣ ಕಾರಿಗೆ ಮುಚ್ಚಿದ ಪೆಟ್ಟಿಗೆಯೇ ಲೇಸೆಂದು ನಮ್ಮ ಮತ.

ಕಾರಿನೊಳಗೆ ವರವಾದದ್ದು ಹೊರಗೆ ಬೇರೆಯವರ ಪಾಲಿಗೆ ಬೇರೆಯಾಗುತ್ತದೆ. ಮಂದ್ರಸ್ವರವನ್ನು ಗೋಡೆ ಸುಲಭವಾಗಿ ತಡೆಯಲಾರದು. ಹಾಡು ಕೇಳಿಸದ ಮನೆಯಲ್ಲಿಯೂ ಕಿಟಕಿಯ ಗಾಜು ಅದರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್‌ಗಳ ಮಿತಿಯನ್ನು ವಿಧಿಸಿವೆ. ಈ ಅಂಕೆಗಳು ‘ಎ’ ಎಂಬ ತೂಕದ ಮಾನದಲ್ಲಿವೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಕಿವಿಯ ಸಂವೇದನೆಯನ್ನು ಅಳೆದು ಬರೆದ ರೇಖೆಗಳಲ್ಲಿ ಮೆಲುದನಿಗೆ ಸಂಬಂಧಿಸಿದುದನ್ನು ಆಧರಿಸಿ ಆ ಮಾನ ರೂಪುಗೊಂಡಿತು. ಇಂದು ಮೆಲುದನಿಗೂ ಅಬ್ಬರಕ್ಕೂ ಅದನ್ನೇ ಬಳಸುತ್ತಾರೆ. ಅದು 50 ಹರ್ಟ್ಸಿನ ಧ್ವನಿಗೆ 30 ಡೆಸಿಬೆಲ್ ರಿಯಾಯಿತಿ ಕೊಡುತ್ತದೆ. ಮನೆಯ ಬಾಗಿಲಲ್ಲಿ 80 ಡೆಸಿಬೆಲ್ ಇರುವ 50 ಹರ್ಟ್ಸಿನ ನಾದ ಮಾಪಕದಲ್ಲಿ 50 ಎಂದು ದಾಖಲಾಗಿ, ಹಗಲಿನ ಮಿತಿಯೊಳಗೇ ಉಳಿಯುತ್ತದೆ. ಅದೇ ಮಾಪಕವನ್ನು ‘ಸಿ’ ಮಾನಕ್ಕೆ ತಿರುಗಿಸಿದರೆ ಮುಳ್ಳು 78ನ್ನು ದಾಟುತ್ತದೆ. ನಿಯಮಗಳ ಕೋಷ್ಟಕದಲ್ಲಿ ‘ಸಿ’ ಮಾನದ ಅಂಕಣವಿಲ್ಲ.